ಗಂಟಲಪಟ್ಟಿ ಮತ್ತು ಒಂದು ಬಿನ್ನವತ್ತಳೆ

ಬಾಯಿಯವರೆಗೆ ಬಂದು ಆಡದೇ ಉಳಿದ ಮಾತು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಧಾರವಾಡದ ಒಂದು ಪ್ರಯೋಗಾಲಯ ಕಂಡುಕೊಂಡ ಉತ್ತರ ತೀರ ಸಪ್ಪೆಯಾಗಿತ್ತು: ಎಲ್ಲಿಗೂ ಹೋಗುವುದಿಲ್ಲ, ಗಂಟಲಲ್ಲೇ ಇರುತ್ತದೆ. ಮನುಷ್ಯ ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟುವಾಗ, ದನಿ ಹೊರಡದಿದ್ದರೂ, ಗಂಟಲಿನ ಸ್ನಾಯುಗಳು ಆ ವಾಕ್ಯದ ಅಳತೆಗೆ ಕೂದಲೆಳೆಯಷ್ಟು ಅಲುಗುತ್ತವೆ. ವಾಕ್ಯವನ್ನು ಅರ್ಧಕ್ಕೇ ಬಿಟ್ಟರೆ ಅಲುಗಾಟವೂ ಅರ್ಧಕ್ಕೇ ನಿಲ್ಲುತ್ತದೆ. ಕೊರಳಿಗೆ ಎರಡು ಬೆರಳಗಲದ ಪಟ್ಟಿ ಸುತ್ತಿಕೊಂಡರೆ ಅದು ಈ ಅಲುಗಾಟವನ್ನೆಲ್ಲ ಓದಿಕೊಳ್ಳುತ್ತದೆ. ಮತ್ತೆ ಮತ್ತೆ ನುಂಗಿದ ಮಾತು ಯಾವುದೆಂದು ಪತ್ತೆ ಹಚ್ಚಿ, ಅದರ ಮಗ್ಗುಲಲ್ಲೇ ಹಾದುಹೋಗುವ ಒಂದು ಸಣ್ಣ ಸೂಚನೆಯನ್ನು ಅಚ್ಚು ಹಾಕಿ ಕೊಡುತ್ತದೆ. ‘ಇಂಥದ್ದರ ಬಗ್ಗೆ ಬರೆಯಿರಿ.’ ಅಷ್ಟೇ. ಅದಕ್ಕೆ ‘ಎಳೆ’ ಎಂದು ಹೆಸರಿಟ್ಟಿದ್ದರು. ಎಳೆಯನ್ನು ಹಿಡಿದು ಎಳೆದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಸಿದ್ಧಾಂತ.

ನುಂಗಿದ ಮಾತನ್ನೇ ನೇರವಾಗಿ ತೋರಿಸಬಾರದು ಎಂಬುದು ಪ್ರಯೋಗಾಲಯದ ಮೊದಲ ನಿಯಮ. ಶುರುವಿನ ವರ್ಷ ಹಾಗೆ ತೋರಿಸಿದ್ದರು. ಬರೆಯುವುದು ನಿಂತುಹೋಗಿದ್ದ ಹನ್ನೊಂದು ಮಂದಿ ಲೇಖಕರ ಪೈಕಿ ಇಬ್ಬರು ಕಾದಂಬರಿ ಮುಗಿಸಿದರು, ನಾಲ್ವರು ಮನೆ ಬಿಟ್ಟರು, ಒಬ್ಬರು ವಕೀಲರನ್ನು ಕರೆದುಕೊಂಡು ಬಂದರು. ಅಂದಿನಿಂದ ಎಳೆ ಮಾತ್ರ.

ನಾಲ್ಕೈದು ವರ್ಷಗಳಲ್ಲಿ ಪಟ್ಟಿ ಕೊಡೆಯಷ್ಟೇ ಮಾಮೂಲಿ ವಸ್ತುವಾಯಿತು. ಪರೀಕ್ಷೆಗೆ ಪ್ರಬಂಧ ಉರುಹೊಡೆಯುವ ಮಕ್ಕಳು ಕಟ್ಟಿಕೊಂಡರು. ರಾಜೀನಾಮೆ ಪತ್ರ ಬರೆಯಲಾರದ ಗುಮಾಸ್ತರು ಕಟ್ಟಿಕೊಂಡು, ರಾಜೀನಾಮೆಯ ಬದಲು ಲಾವಣಿ ಬರೆದು ನೌಕರಿ ಉಳಿಸಿಕೊಂಡರು. ಕವಿಗೋಷ್ಠಿಗಳಲ್ಲಿ ಹಿರಿಯ ಕವಿಗಳು ಮೇ ತಿಂಗಳ ಬಿಸಿಲಿನಲ್ಲೂ ಮಫ್ಲರ್ ಸುತ್ತಿಕೊಂಡು ಕೂರತೊಡಗಿದರು. ಒಳಗೆ ಏನಿದೆ ಎಂದು ಕೇಳುವುದು ಅಸಭ್ಯತೆ ಎನಿಸಿಕೊಂಡಿತು.

ವೃಷಭೇಂದ್ರ ಸವಣೂರ ಮಾಸ್ತರರಿಗೆ ಮಾತ್ರ ಪಟ್ಟಿಯ ಅಗತ್ಯ ಎಂದೂ ಬಿದ್ದಿರಲಿಲ್ಲ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಾಲ್ಕು ವರ್ಷದ ಹಿಂದೆ ನಿವೃತ್ತರಾಗಿದ್ದ ಅವರು, ಊರಿನಲ್ಲಿ ಯಾರೇ ನಿವೃತ್ತರಾಗಲಿ, ಬಿನ್ನವತ್ತಳೆ ಬರೆದುಕೊಡುವವರು. ನಿವೃತ್ತಿಯ ದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ, ಕಟ್ಟು ಹಾಕಿಸಿದ ಗಾಜಿನ ಹಿಂದೆ ಕೂರಿಸಿ, ಕೈಗೆ ಕೊಡುವ ಆ ಹೊಗಳಿಕೆಯ ಪತ್ರ ಮುಂದೆ ಆ ಮನೆಯ ಪಡಸಾಲೆಯ ಗೋಡೆಯಲ್ಲಿ ಮೊಳೆಗೆ ನೇತಾಡುತ್ತ ಮಾಲೀಕನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಸವಣೂರರು ಬರೆದದ್ದು ನೂರ ನಲವತ್ತು. ಹೆಸರು, ಹುದ್ದೆ, ವರ್ಷ ಬದಲಿಸಿದರೆ ಮುಗಿಯಿತು. ಉಳಿದದ್ದು ಅವರ ಬೆರಳಿಗೇ ಬರುತ್ತಿತ್ತು. ಒಮ್ಮೆ ಅವಸರದಲ್ಲಿ ಬಾಲವಾಡಿ ಶಿಕ್ಷಕಿಗೆ ಬರೆದದ್ದನ್ನು ಪೈಲ್ವಾನನಂಥ ದೈಹಿಕ ಶಿಕ್ಷಕರೊಬ್ಬರಿಗೆ ಒದಗಿಸಿಬಿಟ್ಟಿದ್ದರು. ‘ಸಾವಿರ ಕಂದಮ್ಮಗಳಿಗೆ ಎದೆಹಾಲಿನಂಥ ಅಕ್ಕರೆ ಉಣಿಸಿದ ಮಾತೃಹೃದಯಿ’ ಎಂದು ಓದಿದಾಗ ಸಭೆ ಕೆಮ್ಮಿತು. ದೈಹಿಕ ಶಿಕ್ಷಕರು ಮಾತ್ರ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಈಗ ನಿವೃತ್ತಿಯ ಸರದಿ ಅವರ ಹೆಂಡತಿಯದಾಗಿತ್ತು. ನೀಲಗಂಗಾ ಅಕ್ಕೋರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿದವರು. ಸಮಾರಂಭಕ್ಕೆ ಮೂರು ವಾರವಿತ್ತು. ಸಂಸ್ಥೆಯ ಕಾರ್ಯದರ್ಶಿ ಫೋನು ಮಾಡಿ ಬಿನ್ನವತ್ತಳೆಯ ಜವಾಬ್ದಾರಿಯನ್ನು ಮಾಸ್ತರರಿಗೇ ವಹಿಸಿದ ಸಂಜೆ, ನೀಲಗಂಗಾ ರೊಟ್ಟಿ ಬಡಿಯುತ್ತಲೇ ಮಾತು ತೆಗೆದರು.

“ಏನ್ರಿ, ನಂದೂ ನೀವ ಬರೀತೀರಂತ?”

“ಮತ್ಯಾರ್ ಬರೀಬೇಕು? ಊರ ಮಂದೀದೆಲ್ಲಾ ಬರದೀನಿ.”

“ಅದಕ್ಕ ಹೇಳಾಕತ್ತೀನಿ. ‘ಜ್ಞಾನದ ಹಣತೆ’ ಬ್ಯಾಡ. ‘ಮಾತೃಹೃದಯಿ’ ಬ್ಯಾಡ. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಮೊದ್ಲ ಬ್ಯಾಡ. ಪೈಲ್ವಾನ ಮಾಸ್ತರಗ ಉಡಸಿದ ಸೀರಿ ನನಗ ಉಡಸಬ್ಯಾಡ್ರಿ. ನೂರಾ ನಲವತ್ತು ಸಲ ಸಭಾದಾಗ ಕುಂತು ಕೇಳೀನಿ. ಒಂದ ಸಾಲು ಹಳೇದು ಬಂದ್ರೂ ವೇದಿಕಿ ಇಳದು ಸೀದಾ ಮನಿಗೆ ಬರ್ತೀನಿ.”

“ಹಂಗ ಇಳದ್ರ ಮಂದಿ ಏನಂದಾರು?”

“ಅಕ್ಕೋರು ಎಣಿಕ್ಯಾಗ ಗಟ್ಟಿ ಅಂದಾರು.”

ಆಕೆ ಹೇಳಿದ್ದನ್ನು ಮಾಡುವವರು ಎಂಬುದು ಮಾಸ್ತರರಿಗೆ ಗೊತ್ತಿತ್ತು. ಮೇಜಿನ ಮುಂದೆ ಕುಳಿತರು. ‘ಮಾನ್ಯರೇ’ ಎಂದು ಬರೆದರು. ಒಂಬತ್ತು ದಿನಗಳಾದರೂ ಹಾಳೆಯಲ್ಲಿ ಮಾನ್ಯರು ಒಬ್ಬರೇ ಕುಳಿತಿದ್ದರು.

ತೊಡಕು ಎಲ್ಲಿದೆ ಎಂದು ಮಾಸ್ತರರಿಗೆ ಅರ್ಧ ತಿಳಿದಿತ್ತು. ಅವರು ಕಾಲೇಜಿನ ದಿನಗಳಿಂದಲೂ ಅಣಕುದನಿಯ ಚತುರರು. ಶಿಕ್ಷಣಾಧಿಕಾರಿ ಮೂಗಿನಲ್ಲಿ ನುಡಿಯುವುದು, ಮಠದ ಸ್ವಾಮಿಗಳು ಪ್ರತಿ ವಾಕ್ಯದ ಕೊನೆಗೆ ನಿಟ್ಟುಸಿರಿಡುವುದು, ಕಾರ್ಯದರ್ಶಿ ಕೆಮ್ಮಿ ಕೆಮ್ಮಿ ವಂದನಾರ್ಪಣೆ ಮಾಡುವುದು, ಎಲ್ಲವೂ ಅವರ ಗಂಟಲಲ್ಲಿ ಬಾಡಿಗೆಗಿದ್ದವು. ಹೆಂಡತಿಯ ದನಿಯನ್ನಂತೂ ಬೀಗರೇ ಮೋಸಹೋಗುವಷ್ಟು ಚೆನ್ನಾಗಿ ತೆಗೆಯುತ್ತಿದ್ದರು. ಈಗ ಬರೆಯಲು ಕೂತರೆ ಒಂದೊಂದು ಸಾಲೂ ಒಬ್ಬೊಬ್ಬ ಮುಖ್ಯ ಅತಿಥಿಯ ದನಿಯಲ್ಲಿ ಬಂದು, ಹಾರ ಹಾಕಿಸಿಕೊಂಡು, ಎದ್ದುಹೋಗುತ್ತಿತ್ತು. ಹತ್ತನೆಯ ದಿನ ಅವರು ಪ್ರಯೋಗಾಲಯದ ಮೆಟ್ಟಿಲು ಹತ್ತಿದರು.

ಅಲ್ಲಿನ ವಿಜ್ಞಾನಿ ಡಾಕ್ಟರ್ ಶಮೀನ್ ಮುಲ್ಲಾ, ಹೈಸ್ಕೂಲಿನಲ್ಲಿ ನೀಲಗಂಗಾ ಅಕ್ಕೋರ ಶಿಷ್ಯೆ. ಪಟ್ಟಿ ಕಟ್ಟಿ, ಬರೆಯಬೇಕಾದ್ದು ಯಾರ ಬಗ್ಗೆ ಎಂದು ಯಂತ್ರಕ್ಕೆ ತಿಳಿಸಿ, ಪರದೆಯ ಮುಂದೆ ಕುಳಿತವಳು ಐದು ನಿಮಿಷಕ್ಕೇ ನಗತೊಡಗಿದಳು.

“ಸರ್, ಸ್ವಲ್ಪ ಸುಮ್ನ ಕುಂದರ್ರಿ.”

“ಸುಮ್ನ ಕುಂತೀನಲ್ಲವಾ.”

“ಬಾಯಿ ಸುಮ್ನ ಅದ. ಗಂಟಲು ಸಭಾ ನಡಸಾಕತ್ತದ.”

ಯಂತ್ರ ದನಿಗಳನ್ನು ಬೇರ್ಪಡಿಸಿ, ಒಂದೊಂದಕ್ಕೆ ಒಂದೊಂದು ಅಕ್ಷರ ಕೊಡುತ್ತಿತ್ತು. ಸಾಮಾನ್ಯ ಮನುಷ್ಯರಿಗೆ ‘ಅ’ ಒಂದೇ ಸಾಕು, ಹೆಚ್ಚೆಂದರೆ ಅಪ್ಪನ ದನಿಯೊಂದು ‘ಆ’ ಆಗಿ ಸೇರಿಕೊಳ್ಳುತ್ತದೆ. ಮಾಸ್ತರರದು ಸ್ವರಗಳನ್ನು ಮುಗಿಸಿ ವ್ಯಂಜನಗಳಿಗೆ ಇಳಿದಿತ್ತು. ಒಟ್ಟು ಮೂವತ್ತೊಂದು.

“ಇದರಾಗ ನಂದು ಯಾವುದವಾ?”

“‘ಅ’ ನಿಮ್ದು. ನೂರಕ್ಕ ನಾಕು ಪಾಲು ಬರ್ತದ.”

“ಪಾಸಾಗೂದಿಲ್ಲ ಹಂಗಾರ.”

“ಅಕ್ಕೋರ ಕೈಯಾಗಂತೂ ಆಗೂದಿಲ್ಲ,” ಎಂದು ಶಮೀನ್ ಯಂತ್ರ ಹೊರಹಾಕಿದ ಚೀಟಿಯನ್ನು ಹರಿದು ಕೊಟ್ಟಳು. ಮೊದಲ ಎಳೆ: ‘ಅವರ ಕೈಯಲ್ಲಿ ಸೀಮೆಸುಣ್ಣ ಇಲ್ಲದ ಒಂದು ದಿನದ ಬಗ್ಗೆ ಬರೆಯಿರಿ.’

ಮಾಸ್ತರರು ಮನೆಗೆ ಬಂದು ಪಟ್ಟಿ ಕಟ್ಟಿಕೊಂಡೇ ಕುಳಿತರು. ನೆನಪಾಯಿತು. ಒಂದು ವರ್ಷ ಸ್ಕೂಟರಿನಿಂದ ಬಿದ್ದು ನೀಲಗಂಗಾರ ಬಲಗೈಗೆ ಪ್ಲಾಸ್ಟರು ಹಾಕಿದ್ದರು. ರಜೆ ಹಾಕಲಿಲ್ಲ. ಹಲಗೆಯ ಮೇಲೆ ಬರೆಯಲಾಗದೆ ನಲವತ್ತು ಹುಡುಗಿಯರನ್ನು ಅಂಗಳಕ್ಕೆ ಕರೆದೊಯ್ದು, ಕೈ ಕೈ ಹಿಡಿಸಿ ವೃತ್ತ ಮಾಡಿ ನಿಲ್ಲಿಸಿ, ಬಾವಿಯ ಹಗ್ಗವನ್ನು ಒಬ್ಬಳಿಂದ ಇನ್ನೊಬ್ಬಳಿಗೆ ಎಳೆಸಿ, ‘ಈಗ ನೀ ಯಾವ ಕೋನದಾಗ ನಿಂತೀ ಹೇಳು’ ಎಂದು ಕೇಳಿದ್ದರು. ಮಾಸ್ತರರು ಆ ದಿನ ಊಟದ ಡಬ್ಬಿ ಕೊಡಲು ಹೋಗಿ ಗೇಟಿನಲ್ಲಿ ನಿಂತು ನೋಡಿದ್ದರು. ಎರಡು ಪುಟ ಬರೆದದ್ದು ಗೊತ್ತೇ ಆಗಲಿಲ್ಲ. ಅದರಲ್ಲಿ ಹಣತೆ ಇರಲಿಲ್ಲ, ಮೂರ್ತಿ ಇರಲಿಲ್ಲ. ಹಗ್ಗ ಇತ್ತು.

ನೀಲಗಂಗಾ ಚಹಾ ತಂದಿಟ್ಟು, ಹಾಳೆಯ ಕಡೆ ನೋಡದೆ ಕೊರಳ ಕಡೆ ನೋಡಿದರು. “ಚಂದ ಕಾಣ್ತದ. ಬೆಕ್ಕಿಗೆ ಗಂಟಿ ಕಟ್ಟಿದಂಗ.”

ಮರುದಿನ ಪ್ರಯೋಗಾಲಯದಲ್ಲಿ ಸಿಕ್ಕ ಎರಡನೆಯ ಎಳೆ: ‘ಅವರು ಬಹಳ ದಿನ ಕಾದ ಒಂದು ಸಂಗತಿಯ ಬಗ್ಗೆ ಬರೆಯಿರಿ.’

ಇದನ್ನು ಕಂಡು ಮಾಸ್ತರರ ಪೆನ್ನು ಮತ್ತೆ ನಿಂತಿತು. ಅರ್ಧ ತಾಸಿನ ಮೇಲೆ ನಲ್ಲಿಯ ನೀರಿನ ಬಗ್ಗೆ ಬರೆದರು. ಊರಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲ, ಕೊಡಗಳ ಸಾಲು, ನಲ್ಲಿ ಮೊದಲು ಸುಯ್ಯೆಂದು ಗಾಳಿ ಬಿಡುವುದು, ಆ ಗಾಳಿಯ ಸದ್ದಿಗೆ ನೀಲಗಂಗಾ ಉತ್ತರ ಪತ್ರಿಕೆಗಳನ್ನು ಕೆಳಗಿಟ್ಟು ಓಡುವುದು. ಓದಿ ತಾವೇ ನಕ್ಕರು. ಮರುದಿನ ಹೆಮ್ಮೆಯಿಂದ ತೆಗೆದುಕೊಂಡು ಹೋದರು.

ಶಮೀನ್ ಓದಿದಳು, ನಗಲಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿದಳು.

“ನೀರಿನ ಬಗ್ಗೆ ಚಂದ ಬರದೀರಿ ಸರ್. ಆದ್ರ ಇದನ್ನ ಬರಿಯೂ ಮುಂದ ಅರವತ್ತೊಂದು ಸಲ ನುಂಗೀರಿ. ನುಂಗಿದ್ದು ನೀರಲ್ಲ.”

“ಮತ್ತೇನು?”

“ಒಂದ ವಾಕ್ಯ. ಅರವತ್ತೊಂದು ಸಲಾನೂ ಅದ ವಾಕ್ಯ. ಅದೂ ನಿಮ್ಮ ದನಿಯಾಗ ಅಲ್ಲ. ಇಲ್ಲಿ, ‘ಋ’ ಅಂತ ಅದ ನೋಡ್ರಿ.”

“ಋ? ವರ್ಣಮಾಲಿಯಾಗ ಕೆಲಸಿಲ್ಲದ ಕುಂತ ಅಕ್ಷರ ಅದು,” ಎಂದು ಮಾಸ್ತರರು ಶಿಕ್ಷಣಾಧಿಕಾರಿಯ ಮೂಗುದನಿಯಲ್ಲಿ ಅಂದರು. ಶಮೀನ್‌ಗೆ ಆ ದನಿ ಯಾವಾಗಲೂ ನಗು ತರಿಸುತ್ತಿತ್ತು. ಈ ಸಲ ತರಿಸಲಿಲ್ಲ.

“ಹೆಣ್ಣುದನಿ ಸರ್. ಪ್ರತಿ ಸಲಾನೂ ಕೊನೇ ಶಬ್ದದ ಮೊದಲ ಒಂದ ಸಣ್ಣ ನಿಲುಗಡಿ. ಹಲಗಿ ಮುಂದ ನಿಂತು ‘ಆದ್ದರಿಂದ ಈ ಎರಡು ಕೋನಗಳು...’ ಅಂತ ನಿಂದರೂದು, ನಾವು ಹುಡುಗ್ಯಾರು ‘ಸಮ’ ಅನ್ನೂದು. ಮೂರು ವರ್ಷ ಆ ನಿಲುಗಡಿ ತುಂಬೀನಿ. ಗೆರಿ ನೋಡಿದ್ರೂ ಗುರುತು ಹಿಡೀತೀನಿ.”

ಮಾಸ್ತರರ ಕೊರಳಲ್ಲಿ ಪಟ್ಟಿ ಇನ್ನೂ ಇತ್ತು. ಪರದೆಯಲ್ಲಿ ‘ಋ’ದ ಗೆರೆ ಎದ್ದು, ನಿಂತು, ಮತ್ತೆ ಎದ್ದು, ನಿಂತಿತು. ಅರವತ್ತೆರಡು. ಅರವತ್ತಮೂರು.

“ವಾಕ್ಯ ಏನದ ಅಂತ ನಾ ತಗದು ನೋಡಿಲ್ಲ. ನೋಡಂಗಿಲ್ಲ,” ಎಂದಳು ಶಮೀನ್. “ಯಂತ್ರ ಮೂರನೇ ಎಳಿ ಕೊಟ್ಟದ. ಬ್ಯಾಡಂದ್ರ ಹರದು ಹಾಕ್ತೀನಿ. ನೀರಿನ ಪುಟ, ಹಗ್ಗದ ಪುಟ ಕೂಡಿಸಿದ್ರ ಬಿನ್ನವತ್ತಳೆ ಆಗೇ ಆಗ್ತದ. ಅಕ್ಕೋರು ವೇದಿಕಿ ಇಳಿಯೂದಿಲ್ಲ.”

“ಇಳಿಯೂದಿಲ್ಲ,” ಎಂದರು ಮಾಸ್ತರರು. ಆಮೇಲೆ ಕೈ ಚಾಚಿದರು.

ಚೀಟಿಯಲ್ಲಿ ಹೀಗಿತ್ತು: ‘ಅವರು ಎಂದೂ ಆಡದ ಒಂದು ಮಾತನ್ನು ಅವರದೇ ದನಿಯಲ್ಲಿ ಬರೆಯಿರಿ.’

ಆ ಮಧ್ಯಾಹ್ನ ನೀಲಗಂಗಾ ಶಾಲೆಯಲ್ಲಿದ್ದರು. ಮನೆಯಲ್ಲಿ ಒಬ್ಬರೇ ಕುಳಿತ ಮಾಸ್ತರರು ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟು, ಇಪ್ಪತ್ತೆಂಟು ವರ್ಷ ನುಂಗಿದ್ದನ್ನು ಬರೆದರು. ಅದು ಬರೀ ಎರಡು ಸಾಲಿತ್ತು. ‘ದಯವಿಟ್ಟು ಕ್ಷಮಿಸಿ, ಮನೆಯಲ್ಲಿ ತೊಂದರೆ ಇದೆ, ನನಗೆ ಬರಲು ಆಗುವುದಿಲ್ಲ.’

ಮನೆಗೆ ತಂತಿಯ ಫೋನು ಬಂದ ಹೊಸತು. ಗಂಟೆ ಬಡಿದರೆ ಹೆಂಡತಿಯ ದನಿಯಲ್ಲಿ ‘ಹಲೋ’ ಎನ್ನುವುದು ಮಾಸ್ತರರ ಖಯಾಲಿ. ಹೆಂಡತಿಯ ತವರಿನವರು, ನೆಂಟರು, ಗ್ಯಾಸಿನವನು, ಎಲ್ಲರೂ ಮೋಸಹೋಗಿ, ಆಮೇಲೆ ಬೈದು ನಗುತ್ತಿದ್ದರು. ಆ ವರ್ಷ ನೀಲಗಂಗಾ ವೃತ್ತದ ಒಂದು ಪ್ರಮೇಯಕ್ಕೆ ಕಾಗದ ಮಡಿಚಿ ತೋರಿಸುವ ಹೊಸ ಸಾಧನೆಯೊಂದನ್ನು, ಅಂದರೆ ರುಜುವಾತೊಂದನ್ನು, ಬರೆದು, ದೂರದ ಗಣಿತ ಸಂಸ್ಥೆಯೊಂದಕ್ಕೆ ಕಳಿಸಿದ್ದರು. ಆಯ್ಕೆಯಾದವರನ್ನು ಎರಡು ವರ್ಷದ ಅಧ್ಯಯನಕ್ಕೆ ಕರೆಯುತ್ತೇವೆ, ಫೋನು ಮಾಡುತ್ತೇವೆ ಎಂದು ಸಂಸ್ಥೆ ತಿಳಿಸಿತ್ತು. ಫೋನು ಬಂತು. ಎತ್ತಿದವರು ಮಾಸ್ತರರು. ‘ಹಲೋ’ ಎಂದದ್ದು ಚೇಷ್ಟೆಗೆ. ‘ಹೌದು, ನೀಲಗಂಗಾ ಮಾತಾಡುತ್ತಿದ್ದೇನೆ’ ಎಂದದ್ದೂ ಚೇಷ್ಟೆಗೇ. ಆ ಕಡೆಯವರು ಅಭಿನಂದನೆ ಹೇಳಿ, ಬರುವ ತಿಂಗಳೇ ಬರಬೇಕು ಎಂದರು. ಮಗಳು ಬಾಲವಾಡಿಯಲ್ಲಿದ್ದಳು. ಒಲೆಯ ಮೇಲಿದ್ದ ಹಾಲು ಉಕ್ಕುವುದರಲ್ಲಿತ್ತು, ಮತ್ತು ಮಾಸ್ತರರಿಗೆ ಒಲೆ ಆರಿಸುವುದರ ಹೊರತು ಅಡುಗೆಯ ಬೇರೇನೂ ಬರುತ್ತಿರಲಿಲ್ಲ. ಮೂರನೆಯ ವಾಕ್ಯದ ಹೊತ್ತಿಗೆ ಚೇಷ್ಟೆ ಮುಗಿದಿತ್ತು. ದನಿ ಮಾತ್ರ ಹಾಗೆಯೇ ಮುಂದುವರಿದಿತ್ತು.

ಬಿನ್ನವತ್ತಳೆಯನ್ನು ಸಭೆಗೆ ಮುಂಚೆ ಸನ್ಮಾನಿತರಿಗೆ ತೋರಿಸುವ ಪದ್ಧತಿಯಿಲ್ಲ. ಮಾಸ್ತರರು ಶಾಲೆಯಿಂದ ಬಂದ ಹೆಂಡತಿ ಕೈಕಾಲು ತೊಳೆಯುವವರೆಗೆ ಕಾದು, ಅಡುಗೆಮನೆಯಲ್ಲಿ ಆ ಹಾಳೆಯನ್ನು ಕೈಗೆ ಕೊಟ್ಟರು. ಯಾವಾಗ, ಯಾರಿಗೆ, ಯಾರು ಹೇಳಿದ್ದು ಎಂಬುದನ್ನೂ ಕೆಳಗೆ ಬರೆದಿದ್ದರು.

ನೀಲಗಂಗಾ ಎರಡು ಸಲ ಓದಿದರು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

“ಮಾಡ್ರಿ.”

“ಏನು?”

“ಹೆಂಗ ಅಂದ್ರಿ ಅದನ್ನ ಮಾಡಿ ತೋರಸ್ರಿ. ಅವರು ಏನಂದ್ರು ಅದನ್ನ ನಾ ಅಂತೀನಿ.” ಅವರು ಎದ್ದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. “ಹಲೋ. ನೀಲಗಂಗಾ ಅವರು ಇದ್ದಾರೇನ್ರಿ?”

ಮಾಸ್ತರರು ಮಾಡಿದರು. ಬೇಡ ಎನ್ನುವ ಅಧಿಕಾರ ತಮಗಿಲ್ಲ ಎಂದು ಅವರಿಗೆ ಅನಿಸಿತ್ತು. ಅರವತ್ತನಾಲ್ಕರ ಗಂಟಲಿನಿಂದ ಮೂವತ್ತೆರಡರ ಹೆಂಗಸೊಬ್ಬಳ ದನಿ ಹೊರಟು, ಕೊನೆಯ ಶಬ್ದದ ಮುಂಚೆ ಒಂದಿಷ್ಟು ನಿಂತು, ‘ಆಗುವುದಿಲ್ಲ’ ಎಂದಿತು.

ನೀಲಗಂಗಾ ತಾವು ನಿರಾಕರಿಸಿದ್ದನ್ನು ಕಿವಿಯಾರೆ ಕೇಳಿದರು.

“ಹಿಂಗಿರಲಿಲ್ಲ ನನ್ನ ಮಾತು,” ಎಂದರು ಕೊನೆಗೆ. “‘ದಯವಿಟ್ಟು’ ಅಂತ ನಾ ಯಾವತ್ತ ಅಂದೀನಿ? ಯಾರಾದ್ರೂ ನನ್ನ ಬಲ್ಲವರು ಕೇಳಿದ್ರ ಅಲ್ಲೇ ಹಿಡೀತಿದ್ರು. ಅವರಿಗೆ ನಾ ಗೊತ್ತಿರಲಿಲ್ಲ. ಅದಕ್ಕ ನಂಬ್ಯಾರ.”

“ಗಂಗಾ...”

“ನಿಂದರ್ರಿ.” ಒಳಗೆ ಹೋಗಿ ಟ್ರಂಕಿನಿಂದ ಒಂದು ಕಟ್ಟು ಪುಸ್ತಕ ತಂದರು. ಎಂಟು ನೋಟುಬುಕ್ಕುಗಳು, ದಾರದಿಂದ ಕಟ್ಟಿದ್ದವು. ಪ್ರತಿಯೊಂದರಲ್ಲೂ ಅದೇ ವೃತ್ತ, ಅದೇ ಮಡಿಕೆ, ಅದೇ ಸಾಧನೆ, ಬೇರೆ ಬೇರೆ ವರ್ಷಗಳ ಶಾಯಿಯಲ್ಲಿ. ಅಂಚಿನಲ್ಲಿ ಕೆಂಪು ಪೆನ್ನಿನ ಪ್ರಶ್ನಾರ್ಥಕ ಚಿಹ್ನೆಗಳು. “ಫೋನ್ ಬರಲಿಲ್ಲ ಅಂದ ಮ್ಯಾಲ ಸಾಧನಾದಾಗ ಎಲ್ಲೋ ತಪ್ಪಾಗಿರಬೇಕು ಅಂತ ಹುಡುಕಿದೆ. ಪ್ರತಿ ಬ್ಯಾಸಿಗಿ ಸೂಟಿಯಾಗ ಹುಡುಕಿದೆ. ಮೊದಲ್ನೇ ಹೆಜ್ಜಿಯಿಂದ ಕೊನೀ ತನಕ. ಇಪ್ಪತ್ತೆಂಟು ವರ್ಷ ತಪ್ಪು ಸಿಗಲಿಲ್ಲ.” ಕಟ್ಟನ್ನು ಮೇಜಿನ ಮೇಲೆ, ಅವರ ಮುಂದೆ ಇಟ್ಟು, ಅವರ ಗಂಟಲಿನ ಕಡೆ ಬೆರಳು ತೋರಿದರು. “ಇಲ್ಲಿತ್ತು ನೋಡ್ರಿ. ನಾ ಕಾಗದದಾಗ ಹುಡಕಾಕತ್ತಿದ್ದೆ.”

ಮಾಸ್ತರರ ನೆರವಿಗೆ ಯಾರ ದನಿಯೂ ಬರಲಿಲ್ಲ.

“ಬಿನ್ನವತ್ತಳೆ ಮುಗಸ್ರಿ,” ಎಂದರು ನೀಲಗಂಗಾ. “ಇದನ್ನ ಬಿಟ್ಟು ಬರದ್ರ, ಇಳದು ಬರ್ತೀನಿ. ಅವತ್ತು ಹೇಳಿದ ಮಾತು ಅವತ್ತಿಗೂ ಖರೆ, ಇವತ್ತಿಗೂ ಖರೆ.”

“ಊರ ಮಂದಿ ಮುಂದ...?”

“ಊರ ಮಂದಿ ಮುಂದ. ಆ ಸಂಸ್ಥಾದಿಂದ ಫೋನ್ ಬರಲಿಲ್ಲಂತ ಊರ ಮಂದಿಗೆಲ್ಲಾ ಗೊತ್ತದ. ಪೇಪರಿನ್ಯಾಗ ಸೈತ ಮೊದಲ ಬಂದಿತ್ತು, ಅಕ್ಕೋರು ಕಳಸ್ಯಾರ ಅಂತ.”

ಮುಂದಿನ ಆರು ದಿನ ಮನೆಯಲ್ಲಿ ‘ಊಟ’, ‘ನೀರು’, ‘ಕೀಲಿ’ ಎಂಬ ಮೂರು ಪದಗಳಲ್ಲಿ ಸಂಸಾರ ನಡೆಯಿತು. ಮಾಸ್ತರರು ಪಟ್ಟಿ ಹಿಂತಿರುಗಿಸಿ ಬಂದು, ಎಳೆಯಿಲ್ಲದೆ ಬರೆದರು. ತಿದ್ದಿದರು. ಅಚ್ಚಿಗೆ ಕೊಟ್ಟರು. ಕಟ್ಟು ಹಾಕುವ ಅಂಗಡಿಯವನು ಗಾಜು ಕೂರಿಸುತ್ತ ಓದಿ, ತಲೆ ಎತ್ತಿ, ‘ಸರ್, ಪ್ರೂಫ್ ನೋಡೀರಿಲ್ಲೋ?’ ಎಂದು ಕೇಳಿದ. ನೋಡಿದ್ದೇನೆ ಎಂದರು.

ಸಮಾರಂಭದ ಬೆಳಗ್ಗೆ ಶಾಲೆಯ ಸಭಾಂಗಣ ತುಂಬಿತ್ತು. ಹಳೆಯ ವಿದ್ಯಾರ್ಥಿನಿಯರು ಮಕ್ಕಳನ್ನು ಸೊಂಟದಲ್ಲಿ ಹೊತ್ತು ಬಂದಿದ್ದರು. ಶಮೀನ್ ಮೂರನೆಯ ಸಾಲಿನಲ್ಲಿದ್ದಳು. ಕಾರ್ಯದರ್ಶಿ ಕೆಮ್ಮಿ, “ಈಗ, ಹ್ಞಂ, ಸವಣೂರ ಸರ್ ಅವರು ತಮ್ಮ ಅಮೃತವಾಣಿಯಿಂದ ಬಿನ್ನವತ್ತಳೆ ವಾಚನ ಮಾಡ್ತಾರ” ಎಂದರು. ಮಾಸ್ತರರು ಎದ್ದು ಬಿನ್ನವತ್ತಳೆಗೆ ಕೈ ಹಾಕುವಷ್ಟರಲ್ಲಿ ನೀಲಗಂಗಾ ಅದನ್ನು ಎತ್ತಿಕೊಂಡು ಮೈಕಿನ ಮುಂದೆ ಹೋಗಿ ನಿಂತಿದ್ದರು. ಸನ್ಮಾನಿತರು ತಮ್ಮ ಬಿನ್ನವತ್ತಳೆಯನ್ನು ತಾವೇ ಓದುವುದನ್ನು ಆ ಸಭಾಂಗಣ ಕಂಡಿರಲಿಲ್ಲ. ಕಾರ್ಯದರ್ಶಿ ಕೆಮ್ಮುವುದನ್ನು ಮರೆತರು.

ನೀಲಗಂಗಾ ಗಂಟಲು ಸರಿಮಾಡಿಕೊಂಡು, ಎದೆಯುಬ್ಬಿಸಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಓದಿದರು.

“ಮಾನ್ಯರೇ!”

ಅದು ಸವಣೂರ ಮಾಸ್ತರರ ದನಿ. ‘ಮಾ’ವನ್ನು ಎಳೆಯುವುದು, ‘ರೇ’ಯನ್ನು ಮೇಲಕ್ಕೆ ಎಸೆದು ಹಿಡಿಯುವುದು, ಎಲ್ಲ ಅದೇ. ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕೋರಿಗೂ ಇದು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಮಾಸ್ತರರಿಗೂ ಗೊತ್ತಿರಲಿಲ್ಲ. ಅವರು ಮೆಲ್ಲಗೆ ಕುಳಿತುಕೊಂಡರು.

ಹಗ್ಗದ ವೃತ್ತ ಬಂತು. ನಲವತ್ತು ಹುಡುಗಿಯರಲ್ಲಿ ಒಂಬತ್ತು ಮಂದಿ ಅಲ್ಲೇ ಇದ್ದರು, ಕೂಗಿದರು. ನಲ್ಲಿಯ ನೀರು ಬಂತು. ಮುಖ್ಯ ಅತಿಥಿಗಳು ತೊಡೆ ತಟ್ಟಿಕೊಂಡರು. ಆಮೇಲೆ ಫೋನು ಬಂತು.

“‘ಇವರನ್ನು ಎರಡು ವರ್ಷದ ಅಧ್ಯಯನಕ್ಕೆ ಕರೆದಿದ್ದರು. ಕರೆ ಬಂದಾಗ ಇವರು ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ಕಲಿಸುತ್ತಿದ್ದರು. ಇವರ ದನಿಯಲ್ಲಿ, ಇವರ ಹೆಸರಿನಲ್ಲಿ, ಬರಲಾಗದು ಎಂದು ಹೇಳಿದವನು ನಾನು. ಇವರ ಸಾಧನೆಯಲ್ಲಿ ತಪ್ಪಿರಲಿಲ್ಲ...’”

ನಗು ಒಮ್ಮೆಗೇ ನಿಲ್ಲಲಿಲ್ಲ. ಮುಂದಿನ ಸಾಲುಗಳಲ್ಲಿ ಮೊದಲು ನಿಂತಿತು, ಹಿಂದಿನವರು ಇದೂ ಅಣಕವೆಂದು ಇನ್ನೂ ನಗುತ್ತಿದ್ದರು, ಬಾಗಿಲ ಬಳಿ ನಿಂತವರು ಕಡೆಗೆ ನಿಲ್ಲಿಸಿದರು. ನೀಲಗಂಗಾ ದನಿ ಬದಲಿಸಲಿಲ್ಲ. ಗಂಡನ ಏರಿಳಿತದಲ್ಲೇ, ಗಂಡನ ಗಾಂಭೀರ್ಯದಲ್ಲೇ, ‘ನಾನು’ ಎಂದಿದ್ದಲ್ಲೆಲ್ಲ ‘ನಾನು’ ಎಂದೇ ಓದುತ್ತ ಹೋದರು. ಹದಿನಾರು ಸಾಲು. ಒಂದನ್ನೂ ಬಿಡಲಿಲ್ಲ.

ಕಡೆಯಲ್ಲಿ, ಎಲ್ಲ ಬಿನ್ನವತ್ತಳೆಗಳಲ್ಲಿರುವಂತೆ, ‘ಇಂತಿ ತಮ್ಮ ವಿಶ್ವಾಸಿ’ ಎಂದು ಅಚ್ಚಾಗಿತ್ತು. ಅದರ ಕೆಳಗೆ ಹೆಸರು.

“ಇಂತಿ,” ಎಂದರು ನೀಲಗಂಗಾ. ಗಾಜಿನ ಮೇಲೆ ಬೆರಳಿಟ್ಟು ಮುಂದಿನ ಎರಡು ಪದಗಳನ್ನು ದಾಟಿದರು. ಬೆನ್ನ ಹಿಂದಿನ ಕೈಯನ್ನು ಮುಂದಕ್ಕೆ ತಂದರು. ಆಮೇಲೆ ಸ್ವಂತ ದನಿಯಲ್ಲಿ, ಹಾಜರಿ ಪುಸ್ತಕದಿಂದ ಕರೆಯುವಂತೆ ಸ್ಪಷ್ಟವಾಗಿ ಓದಿದರು.

“ವೃಷಭೇಂದ್ರ ಸವಣೂರ.”

‘ಏನ್ರಿ’ ಎಂದೇ ಕರೆದು ಸಾಗಿಸಿದ ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಗಂಡನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.